ಚಕ್ರ ಟಿವಿಯಲ್ಲಿ, ಗಂಟು ಬೇರೆಲ್ಲೋ

(ಧಾರವಾಡದಲ್ಲಿ ಒಂದು ಭಾನುವಾರ ಬೆಳಿಗ್ಗೆ ಬಡಾವಣೆಯ ಜನರ ಮುಂದೆ ಆಡಿದ ಮಾತಿನ ಬರಹ ರೂಪ)

ಮೊದಲು ಒಂದು ಪ್ರಶ್ನೆ. ಇಲ್ಲಿ ಎಷ್ಟು ಜನರ ಮನೆಯ ಮೇಲೆ ನೀರಿನ ಟ್ಯಾಂಕ್ ಇದೆ? ಎಲ್ಲರ ಕೈಯೂ ಮೇಲೆ ಹೋಯಿತು. ಸರಿ, ಹಾಗಾದರೆ ವಿಡಿಯೊ ನಡುವೆ ನಿಂತು ಟಿವಿಯಲ್ಲಿ ಚಕ್ರ ತಿರುಗುವ ಆ ಬಫರಿಂಗ್ ಅಂದರೆ ಏನು ಅಂತ ನಿಮಗೆ ಆಗಲೇ ಗೊತ್ತಿದೆ. ಹೆಸರು ಮಾತ್ರ ಹೊಸದು.

ಹುಬ್ಬಳ್ಳಿ-ಧಾರವಾಡದವರಿಗೆ ನಳದ ನೀರಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ. 2008ರಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಬರಲು ಶುರುವಾಯಿತು. ಉಳಿದವರು ವರ್ಷಗಟ್ಟಲೆ ದಿನ ಎಣಿಸಿದ್ದೇವೆ. ನೀರು ಬಂದ ದಿನ ಟ್ಯಾಂಕ್ ತುಂಬಿಸುತ್ತೇವೆ. ಆಮೇಲೆ ಓಣಿಯ ಪೈಪಿನಲ್ಲಿ ನೀರು ನಿಂತರೂ ಅಡುಗೆಮನೆಯ ನಳಕ್ಕೆ ಅದು ಗೊತ್ತಾಗಲ್ಲ. ಟ್ಯಾಂಕ್ ಬರಿದಾದಾಗ ಮಾತ್ರ ಗೊತ್ತಾಗುತ್ತದೆ. ವಿಡಿಯೊ ಕೂಡ ಹಾಗೇ. ಟಿವಿ ಮುಂದಿನ ಕೆಲವು ಸೆಕೆಂಡುಗಳ ಚಿತ್ರವನ್ನು ಮೊದಲೇ ತರಿಸಿ ಇಟ್ಟುಕೊಂಡಿರುತ್ತದೆ. ನಮಗೆ ತೋರಿಸುವುದು ಅದರಿಂದ ತೆಗೆದು. ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದು ಜಾಸ್ತಿಯಾದರೆ ಟ್ಯಾಂಕ್ ಖಾಲಿ. ಆಗ ಪರದೆ ಮೇಲೆ ಆ ಚಕ್ರ ಬರುತ್ತದೆ.

ಈಗ ಇನ್ನೊಂದು ಯೋಚಿಸಿ. ಅಡುಗೆಮನೆ ನಳದಲ್ಲಿ ನೀರು ಸಣ್ಣಗೆ ಬಂದರೆ ನೀವು ಏನು ಮಾಡುತ್ತೀರಿ? ಬಚ್ಚಲ ನಳ ತಿರುಗಿಸಿ ನೋಡುತ್ತೀರಿ. ಅಲ್ಲೂ ಸಣ್ಣಗಿದ್ದರೆ ಮೇಲೆ ಹತ್ತಿ ಟ್ಯಾಂಕ್ ನೋಡುತ್ತೀರಿ. ಟ್ಯಾಂಕ್ ತುಂಬಿದ್ದರೆ ನಡುವಿನ ವಾಲ್ವ್ ನೋಡುತ್ತೀರಿ. ಯಾರೂ ಸೀದಾ ಸವದತ್ತಿಗೆ ಹೋಗಿ, ನಮ್ಮ ನೀರು ಬರುವ ಮಲಪ್ರಭಾ ಅಣೆಕಟ್ಟು ನೋಡಿ ಬರಲ್ಲ. ಆದರೆ ಇಂಟರ್ನೆಟ್ ವಿಷಯಕ್ಕೆ ಬಂದರೆ ನಾವೆಲ್ಲ ಸೀದಾ ಅಣೆಕಟ್ಟಿಗೇ ಹೋಗುತ್ತೇವೆ. ಚಕ್ರ ಕಂಡ ತಕ್ಷಣ ಪ್ಲಾನ್ ಏರಿಸುತ್ತೇವೆ.

ನಮ್ಮ ಪರಿಚಯದ ಕಾಕಾ ಒಬ್ಬರು ಹೀಗೇ ಮಾಡಿದರು. ಮಾಳಮಡ್ಡಿಯಲ್ಲಿ ಹಳೆಯ ಮನೆ. ಮಗ 55 ಇಂಚಿನ 4ಕೆ ಟಿವಿ ಕಳಿಸಿದ್ದ, ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು ಚುಕ್ಕಿಗಳಲ್ಲಿ ಚಿತ್ರ ತೋರಿಸುವಂಥದ್ದು. ಹಚ್ಚಿದ ಮೊದಲ ದಿನವೇ ಚಕ್ರ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಪ್ಲಾನ್ ಇತ್ತು, 300 ಮಾಡಿಸಿದರು. ಚಕ್ರ ಹೋಗಲಿಲ್ಲ. ಕೇಬಲ್ ಆಫೀಸಿನ ಹುಡುಗ ಬಂದ. ರೌಟರ್ ಮುಂದೆ ನಿಂತು ಮೊಬೈಲಿನಲ್ಲಿ ಸ್ಪೀಡ್ ತೋರಿಸಿದ, 280 ಬಂತು. "ನಮ್ಮ ಕಡಿಂದ ಎಲ್ಲಾ ಬರೊಬ್ಬರಿ ಐತ್ರಿ" ಅಂತ ಹೇಳಿ ಹೋದ. ಕಾಕಾ ನನಗೆ ಫೋನ್ ಮಾಡಿದರು: "ಏ ತಮ್ಮಾ, ರೊಕ್ಕ ಜಾಸ್ತಿ ಆತು, ಚಕ್ರ ಹಂಗ ತಿರಗಾಕತ್ತೈತಿ. ಬಂದ ನೋಡಿ ಹೋಗು."

ಆ ಹುಡುಗ ಸುಳ್ಳು ಹೇಳಿರಲಿಲ್ಲ. ಅವನು ಅಳೆದದ್ದು ರೌಟರ್ ಮುಂದೆ. ಟಿವಿ ಇದ್ದದ್ದು ಮೂರನೇ ಕೋಣೆಯಲ್ಲಿ.

ಅಲ್ಲಿಗೆ ಹೋಗುವ ಮೊದಲು ಲೆಕ್ಕ ಒಂದು ನೋಡಿಬಿಡೋಣ. 4ಕೆ ಸಿನಿಮಾಕ್ಕೆ ಎಷ್ಟು ಸ್ಪೀಡ್ ಬೇಕು? ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್. ಯೂಟ್ಯೂಬ್ 20 ಅನ್ನುತ್ತದೆ. ಫುಲ್ ಎಚ್‌ಡಿ ಆದರೆ 5 ಸಾಕು. ಅಂದರೆ 100ರ ಪ್ಲಾನಿನಲ್ಲಿ ನಾಲ್ಕು ಕೋಣೆಯಲ್ಲಿ ನಾಲ್ಕು 4ಕೆ ಟಿವಿ ಓಡಿದರೂ ಇನ್ನೂ ಉಳಿಯುತ್ತದೆ. ಇದು ಕೇಳಿ ಕಾಕಾ ನಂಬಲಿಲ್ಲ. ನೀವೂ ನಂಬಬೇಡಿ, ಅಳೆದು ನೋಡಿ. ಒಂದು ಎಚ್ಚರ: ಕಂಪ್ಯೂಟರಿನಲ್ಲಿ ಫೈಲ್ ಇಳಿಸುವಾಗ ಕಾಣುವುದು ಮೆಗಾಬೈಟ್, ಪ್ಲಾನಿನಲ್ಲಿ ಬರೆದದ್ದು ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. 100ರ ಪ್ಲಾನಿನಲ್ಲಿ 12 ಅಂತ ಕಂಡರೆ ಅದು ಮೋಸ ಅಲ್ಲ, ಪೂರ್ತಿ ಸ್ಪೀಡೇ.

ಅಳೆಯುವುದು ಎಲ್ಲಿ? ಟಿವಿಯಲ್ಲೇ. ಯೂಟ್ಯೂಬ್ ಹಚ್ಚಿ, ಒಂದು 4ಕೆ ವಿಡಿಯೊ ಓಡಿಸಿ, ಸೆಟ್ಟಿಂಗ್‌ನಲ್ಲಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ಅಂತ ಒಂದು ಸಾಲು ಇರುತ್ತದೆ, ಅದನ್ನು ಒತ್ತಿ. ಮೂಲೆಯಲ್ಲಿ ಕರಿ ಪೆಟ್ಟಿಗೆ ಬರುತ್ತದೆ, ತುಂಬಾ ಅಂಕಿ. ಹೆದರಬೇಡಿ. ಅದರಲ್ಲಿ ಎರಡೇ ನೋಡಿ. ಒಂದು "ಬಫರ್ ಹೆಲ್ತ್". ಇದು ನಿಮ್ಮ ಟ್ಯಾಂಕಿನ ಮಟ್ಟ, ಸೆಕೆಂಡಿನಲ್ಲಿ. ಇನ್ನೊಂದು "ಡ್ರಾಪ್ಡ್ ಫ್ರೇಮ್ಸ್", ಅಂದರೆ ಬಂದಿದ್ದರೂ ತೋರಿಸಲಾಗದೆ ಟಿವಿ ಬಿಟ್ಟುಬಿಟ್ಟ ಚಿತ್ರಗಳು.

ಕಾಕಾ ಮನೆಯಲ್ಲಿ ಕುರ್ಚಿ ಹಾಕಿಕೊಂಡು ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಬಫರ್ ಹೆಲ್ತ್ 14 ಸೆಕೆಂಡ್ ಇತ್ತು. 11 ಆಯಿತು. 7. 3. ಸೊನ್ನೆಗೆ ಬಂತು, ಚಕ್ರ ತಿರುಗಿತು. ಆಮೇಲೆ ಮೆಲ್ಲಗೆ 4 ಆಯಿತು, ಚಿತ್ರ ಮತ್ತೆ ಓಡಿತು. ಡ್ರಾಪ್ಡ್ ಫ್ರೇಮ್ ಮಾತ್ರ ಸೊನ್ನೆಯಲ್ಲೇ ಇತ್ತು. ಇದರ ಅರ್ಥ ಸ್ಪಷ್ಟ. ಟಿವಿ ಗಟ್ಟಿಯಾಗಿದೆ, ನೀರೇ ಬರುತ್ತಿಲ್ಲ.

ಇದರ ಉಲ್ಟಾ ಆಗುವುದೂ ಉಂಟು. ಟ್ಯಾಂಕ್ 40 ಸೆಕೆಂಡ್ ತುಂಬಿರುತ್ತದೆ, ಆದರೂ ಚಿತ್ರ ಕುಂಟುತ್ತದೆ, ಡ್ರಾಪ್ಡ್ ಫ್ರೇಮ್ ಸರಸರ ಏರುತ್ತದೆ. ಆಗ ರೌಟರಿಗೆ ಬಯ್ಯುವುದು ಸುಮ್ನೆ. ತೊಂದರೆ ಕುಗ್ಗಿಸಿ ಬಂದ ಚಿತ್ರವನ್ನು ಮತ್ತೆ ಬಿಚ್ಚಿ ತೋರಿಸುವ ಚಿಪ್‌ನಲ್ಲಿದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಯೂಟ್ಯೂಬ್ 4ಕೆ ಹಚ್ಚಿದವರಿಗೆ ಇದು ಗೊತ್ತು, ಫ್ಯಾನ್ ಹಿಟ್ಟಿನ ಗಿರಣಿಯಂತೆ ಕೂಗುತ್ತದೆ. ಯಾಕಂದರೆ ಯೂಟ್ಯೂಬ್ 4ಕೆ ಚಿತ್ರವನ್ನು ಎಚ್264 ಅನ್ನುವ ಹಳೆಯ ಕುಗ್ಗಿಸುವ ರೂಪದಲ್ಲಿ ಕೊಡುವುದಿಲ್ಲ. ವಿಪಿ9 ಇಲ್ಲವೇ ಎವಿ1 ಅನ್ನುವ ಹೊಸ ರೂಪದಲ್ಲಿ ಕೊಡುತ್ತದೆ. ಅದನ್ನು ಬಿಡಿಸುವ ಅಂಗ ಚಿಪ್‌ನಲ್ಲಿ ಇಲ್ಲದಿದ್ದರೆ ಎಲ್ಲ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಅಂಥ ಯಂತ್ರದಲ್ಲಿ 1080ಕ್ಕೆ, ಅಂದರೆ ಫುಲ್ ಎಚ್‌ಡಿಗೆ, ಇಳಿಸಿ ನೋಡಿ, ಆರಾಮಾಗಿ ಓಡುತ್ತದೆ.

ಚಕ್ರ ಬರುವುದಿಲ್ಲ, ಚಿತ್ರ ಮಾತ್ರ ಆಗಾಗ ಮಸುಕಾಗುತ್ತದೆ ಅನ್ನುವವರೂ ಇದ್ದೀರಿ. ಅದೂ ಇದೇ ರೋಗ, ಔಷಧ ಮೊದಲೇ ಕುಡಿದಿದೆ ಅಷ್ಟೆ. ಈಗಿನ ಆ್ಯಪ್‌ಗಳು ವಿಡಿಯೊವನ್ನು ಕೆಲವು ಸೆಕೆಂಡಿನ ತುಂಡುಗಳಾಗಿ ತರಿಸುತ್ತವೆ. ಪ್ರತಿ ತುಂಡೂ ನಾಲ್ಕೈದು ಗುಣಮಟ್ಟದಲ್ಲಿ ಸಿದ್ಧ ಇರುತ್ತದೆ. ಟ್ಯಾಂಕ್ ಇಳಿಯುತ್ತಿದೆ ಅಂತ ಕಂಡರೆ ಮುಂದಿನ ತುಂಡನ್ನು ಸಣ್ಣದಾಗಿ ಕೇಳುತ್ತವೆ. ನೀವು 4ಕೆಗೆ ದುಡ್ಡು ಕೊಟ್ಟು, ಫುಲ್ ಎಚ್‌ಡಿಗಿಂತಲೂ ಕೆಳಗಿನ 720 ನೋಡುತ್ತಿರುತ್ತೀರಿ.

ಸರಿ, ನೀರು ಬರುತ್ತಿಲ್ಲ. ಎಲ್ಲಿ ನಿಂತಿದೆ? ನಾನು ಯಾರ ಮನೆಗೆ ಹೋದರೂ ಚೀಲದಲ್ಲಿ ಒಂದೇ ಸಾಮಾನು ಒಯ್ಯುತ್ತೇನೆ. 20 ಮೀಟರ್ ಉದ್ದದ ನೆಟ್‌ವರ್ಕ್ ಕೇಬಲ್, ಕ್ಯಾಟ್ 6, ಎರಡೂ ತುದಿಗೆ ಆರ್‌ಜೆ45 ಪಿನ್ ಹಾಕಿದ್ದು. ಪಡಸಾಲೆಯಿಂದ ಒಳಕೋಣೆವರೆಗೆ ನೆಲದ ಮೇಲೇ ಎಳೆಯುತ್ತೇನೆ. ಮನೆಯವರು ದಾಟಿ ದಾಟಿ ಓಡಾಡುತ್ತಾರೆ, ಹತ್ತು ನಿಮಿಷದ ಮಾತು. ರೌಟರಿಗೆ ಒಂದು ತುದಿ, ಟಿವಿಗೆ ಒಂದು ತುದಿ. ಚಕ್ರ ನಿಂತರೆ ಗಂಟು, ಅಂದರೆ ತೊಡಕು, ವೈಫೈನಲ್ಲಿದೆ. ನಿಲ್ಲದಿದ್ದರೆ ಗಂಟು ರೌಟರಿನಿಂದ ಆಚೆಗಿದೆ. ಒಂದೇ ಪ್ರಯೋಗ, ಅರ್ಧ ಊರು ಹುಡುಕುವ ಕೆಲಸ ಉಳಿಯುತ್ತದೆ.

ಕೇಬಲ್ಲಿಗೂ ವೈಫೈಗೂ ಏನು ಫರಕು ಅಂತ ಕೇಳಿದರೆ ನಾನು ಚಿಗರಿ ಬಸ್ ತೋರಿಸುತ್ತೇನೆ. ಚಿಗರಿಗೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ತನ್ನದೇ ದಾರಿ ಇದೆ. ಪಕ್ಕದಲ್ಲಿ ಲಾರಿ, ಟಂಟಂ, ಬೈಕು ಎಲ್ಲ ಒಂದೇ ರಸ್ತೆಯಲ್ಲಿ. ಕೇಬಲ್ ಅಂದರೆ ಚಿಗರಿ ದಾರಿ. ವೈಫೈ ಅಂದರೆ ಪಕ್ಕದ ರಸ್ತೆ. ಅಲ್ಲಿ ಇನ್ನೂ ಒಂದು ನಿಯಮ: ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಟಿವಿ, ಮೊಬೈಲು, ಸಿಸಿಟಿವಿ ಕ್ಯಾಮೆರಾ, ಪಕ್ಕದ ಮನೆಯವರ ರೌಟರು, ಎಲ್ಲ ಒಂದೇ ಚಾನೆಲಿನಲ್ಲಿ, ಅಂದರೆ ಗಾಳಿಯಲ್ಲಿನ ಒಂದೇ ರೇಡಿಯೊ ದಾರಿಯಲ್ಲಿ, ಇದ್ದರೆ ಸರದಿ ಕಾಯುತ್ತವೆ.

ಕಾಕಾ ಟಿವಿಗೆ ಕೇಬಲ್ ಸಿಕ್ಕಿಸಿದೆ. ಬಫರ್ ಹೆಲ್ತ್ ಏರಿ ಏರಿ 50 ದಾಟಿತು. ಚಕ್ರ ಮಾಯ. ಕಾಕಾ ಖುಷಿಯಾಗಿ ಟಿವಿಯಲ್ಲೇ ಸ್ಪೀಡ್ ಅಳೆದರು. 94 ಬಂತು. ಮುಖ ಮತ್ತೆ ಗಂಟಾಯಿತು. "ಮುನ್ನೂರಕ್ಕ ರೊಕ್ಕ ಕೊಟ್ಟೇನಿ, ತೊಂಬತ್ನಾಕ ಬರಾಕತ್ತೈತಿ. ಉಳದದ್ದ ಯಾರ ತಿಂದ್ರು?"

ಯಾರೂ ತಿಂದಿಲ್ಲ. ಟಿವಿಯ ಹಿಂದಿನ ಆ ಕೇಬಲ್ ಪೋರ್ಟ್ ಇರುವುದೇ 100ರದ್ದು. ಬಹಳಷ್ಟು ಟಿವಿಗಳಲ್ಲಿ, ದುಬಾರಿಯವುಗಳಲ್ಲೂ, ಇನ್ನೂ ಇದೇ ಹಾಕುತ್ತಾರೆ. 15-20 ಕೇಳುವ ಸಿನಿಮಾಕ್ಕೆ 94 ಧಾರಾಳ ಅಲ್ವಾ, ಅದಕ್ಕೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಅದೇ ಕೇಬಲಿನಲ್ಲಿ 280 ಬಂತು. ಆದರೆ ಲ್ಯಾಪ್‌ಟಾಪಿನಲ್ಲೂ 94 ಬಂದರೆ ಪಿನ್ ಮೇಲೆ ಅನುಮಾನ ಪಡಿ. ಕೇಬಲ್ ಒಳಗೆ ಎಂಟು ತಂತಿ. 100ಕ್ಕೆ ನಾಲ್ಕು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಪಿನ್ ಹೊಡೆಯುವಾಗ ಉಳಿದ ನಾಲ್ಕರಲ್ಲಿ ಒಂದು ತಂತಿ ಸರಿಯಾಗಿ ಕೂರದಿದ್ದರೆ ಕೇಬಲ್ ಸಾಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ವರ್ಷಗಟ್ಟಲೆ ಯಾರಿಗೂ ಗೊತ್ತಾಗಲ್ಲ.

ಕಾಕಾ ಮನೆಯ ಗಂಟು ವೈಫೈನಲ್ಲಿ ಅಂತ ಖಾತ್ರಿಯಾಯಿತು. ಈಗ ಮನೆ ನೋಡೋಣ. ನಮ್ಮ ಕಡೆಯ ಹಳೆಯ ಮನೆಗಳು ನಿಮಗೆ ಗೊತ್ತಲ್ಲ. ಕಲ್ಲು ಮಣ್ಣಿನ ಗೋಡೆ, ಎರಡು ಫೂಟಿನ ದಪ್ಪ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ವೈಫೈಗೆ ಮಾತ್ರ ಅದು ಕೋಟೆ. ರೌಟರ್ ಪಡಸಾಲೆಯ ಗೋಡೆಯ ಗೂಡಿನಲ್ಲಿ ಕೂತಿತ್ತು. ಗೂಡಿನ ಪಕ್ಕದಲ್ಲಿ ಆಳೆತ್ತರದ ಕಬ್ಬಿಣದ ತಿಜೋರಿ. ಅದರಾಚೆ ಎರಡು ಗೋಡೆ, ಆಮೇಲೆ ಟಿವಿ. ಮೊಬೈಲಿನಲ್ಲಿ ವೈಫೈ ಅಳೆಯುವ ಉಚಿತ ಆ್ಯಪ್ ಸಿಗುತ್ತದೆ. ಅದರಲ್ಲಿ ಸಿಗ್ನಲಿನ ಬಲ ರೌಟರ್ ಮುಂದೆ ಮೈನಸ್ 38 ಇತ್ತು, ಟಿವಿ ಹತ್ತಿರ ಮೈನಸ್ 79. ಈ ಅಂಕಿ ಓದುವುದು ಹೀಗೆ: ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಪ್ರತಿ 10 ಇಳಿದರೆ ಶಕ್ತಿ ಹತ್ತನೇ ಒಂದು ಭಾಗ. ವಿಡಿಯೊಗೆ ಮೈನಸ್ 67 ಅಥವಾ ಅದಕ್ಕಿಂತ ಸೊನ್ನೆಗೆ ಹತ್ತಿರ ಇದ್ದರೆ ಚಿಂತೆ ಇಲ್ಲ. 79 ಅಂದರೆ ಟಿವಿ ಕಿವಿಗೊಟ್ಟು ಕೇಳಿದರೂ ಅರ್ಧ ಮಾತು ಕೇಳಿಸದ ಸ್ಥಿತಿ. ಕೇಳಿಸದ್ದನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳಬೇಕು. ಸ್ಪೀಡ್ ಅಲ್ಲಿ ಬಂದದ್ದು 6.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಕಾಕಾ ಕೇಳಿದರು: ಧಾರವಾಡ ಆಕಾಶವಾಣಿ ಈ ಮನೆಯಲ್ಲಿ ನಮ್ಮಪ್ಪನ ಕಾಲದಿಂದ ಕೇಳಿಸುತ್ತಿದೆ, ಈ ಗೋಡೆ ಅದಕ್ಕೆ ಯಾಕೆ ಅಡ್ಡ ಬರಲಿಲ್ಲ? ಬಹಳ ಒಳ್ಳೆಯ ಪ್ರಶ್ನೆ. ನಮ್ಮ ಆಕಾಶವಾಣಿ 1950ರಲ್ಲಿ ಶುರುವಾಯಿತು. 765 ಕಿಲೋಹರ್ಟ್ಸ್‌ನಲ್ಲಿ ಬರುವ ಅದರ ಒಂದೊಂದು ಅಲೆಯ ಉದ್ದ ಸುಮಾರು 392 ಮೀಟರ್. ಅಂಥ ಅಲೆಗೆ ಎರಡು ಫೂಟಿನ ಗೋಡೆ ಲೆಕ್ಕಕ್ಕೇ ಇಲ್ಲ. 2.4 ಗಿಗಾಹರ್ಟ್ಸ್ ವೈಫೈ ಅಲೆ ಹನ್ನೆರಡೂವರೆ ಸೆಂಟಿಮೀಟರ್, ಅಂಗೈ ಅಗಲಕ್ಕಿಂತ ಸ್ವಲ್ಪ ಜಾಸ್ತಿ. 5 ಗಿಗಾಹರ್ಟ್ಸ್‌ನದ್ದು ಅದರ ಅರ್ಧಕ್ಕೂ ಕಡಿಮೆ. ಅಲೆ ಚಿಕ್ಕದಾದಷ್ಟೂ ಹೊರುವ ಭಾರ ಜಾಸ್ತಿ, ಗೋಡೆಗೆ ಸೋಲುವುದೂ ಜಾಸ್ತಿ. ಜೊತೆಗೆ ಆಕಾಶವಾಣಿಯ ಪ್ರಸಾರ ಯಂತ್ರದ ಶಕ್ತಿ 200 ಕಿಲೋವ್ಯಾಟ್, ನಿಮ್ಮ ರೌಟರಿನದು ಒಂದು ವ್ಯಾಟ್‌ಗೂ ಕಡಿಮೆ. ಪಾಪ ಅದಕ್ಕೆ ಎಷ್ಟು ಅಂತ ಬಯ್ಯುತ್ತೀರಿ.

ಹೀಗಾಗಿ ರೌಟರಿನಲ್ಲಿ ಎರಡು ಹೆಸರು ಕಂಡರೆ, ಒಂದರ ಕೊನೆಗೆ 5ಜಿ ಅಂತ ಇರುತ್ತದೆ. ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್. ಒಂದೇ ಕೋಣೆ ಅಥವಾ ಒಂದು ತೆಳು ಇಟ್ಟಿಗೆ ಗೋಡೆ ಆಚೆ ಟಿವಿ ಇದ್ದರೆ ಕಣ್ಣು ಮುಚ್ಚಿ ಅದಕ್ಕೆ ಜೋಡಿಸಿ. ದಪ್ಪ ಗೋಡೆ ಎರಡು ಇದ್ದರೆ ಅದು ಅಲ್ಲಿಗೆ ತಲುಪುವುದೇ ಇಲ್ಲ, 2.4 ತಲುಪುತ್ತದೆ. ಆದರೆ 2.4ರಲ್ಲಿ ಗದ್ದಲ ವಿಪರೀತ. ಒಂದಕ್ಕೊಂದು ತಾಗದ ಚಾನೆಲ್ ಅಲ್ಲಿ ಮೂರೇ: 1, 6 ಮತ್ತು 11. ವಿದ್ಯಾಗಿರಿಯ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ನಿಂತು ಆ್ಯಪ್ ತೆಗೆದರೆ ಇಪ್ಪತ್ತು ರೌಟರ್ ಕಾಣುತ್ತವೆ. ಎಲ್ಲ ಮೂರು ದಾರಿಯಲ್ಲೇ ಓಡಬೇಕು. ಕೆಲವರು ಬುದ್ಧಿವಂತಿಕೆ ಮಾಡಿ 3 ಅಥವಾ 8 ಇಡುತ್ತಾರೆ. ಅದು ಎರಡು ಓಣಿಯ ಜಗಳಕ್ಕೆ ನಡುವೆ ನಿಂತಂತೆ, ಎರಡೂ ಕಡೆಯ ಪೆಟ್ಟು. ಮೂರರಲ್ಲಿ ಯಾವುದು ಖಾಲಿ ಇದೆಯೋ ಅದನ್ನು ಇಡಿ.

ಅಡುಗೆಮನೆಯ ಮೈಕ್ರೋವೇವ್ ಕೂಡ ಸುಮಾರು 2.45ರಲ್ಲೇ ಕೆಲಸ ಮಾಡುತ್ತದೆ. ಹಾಲು ಬಿಸಿ ಮಾಡುವಾಗ ಮಾತ್ರ ವಿಡಿಯೊ ನಿಲ್ಲುತ್ತದೆ ಅನ್ನುವವರಿದ್ದರೆ ಅದು ಭ್ರಮೆ ಅಲ್ಲ. ಇನ್ನೊಂದು ಕಳ್ಳ ಇದ್ದಾನೆ, ಇವನು ಯಾರಿಗೂ ಸಿಗಲ್ಲ. ರೌಟರ್ ಹಿಂದೆ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಸಿಕ್ಕಿಸಿರುತ್ತಾರೆ. ಅದರ ವೈರಿನಿಂದ ಹೊಮ್ಮುವ ರೇಡಿಯೊ ಗದ್ದಲ 2.4ರ ಮೇಲೇ ಬೀಳುತ್ತದೆ. ಡಿಸ್ಕ್ ತೆಗೆದ ತಕ್ಷಣ ವೈಫೈ ಚುರುಕಾಗುವುದನ್ನು ನಾನೇ ನೋಡಿದ್ದೇನೆ.

ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿ, ಅದೇ ರೇಡಿಯೊದಲ್ಲಿ ಮತ್ತೆ ಹೇಳಬೇಕು. ಸ್ಪೀಡ್ ಅಲ್ಲಿಗೇ ಅರ್ಧ. ಅದನ್ನೂ ಜನ ಟಿವಿ ಪಕ್ಕದಲ್ಲೇ ಹಾಕುತ್ತಾರೆ, ಎಲ್ಲಿ ಸಿಗ್ನಲ್ ಸತ್ತಿದೆಯೋ ಅಲ್ಲಿ. ಸತ್ತ ಸಿಗ್ನಲನ್ನು ಅದು ಜೋರಾಗಿ ಕೂಗಿ ಹೇಳುತ್ತದೆ. ಮೊಬೈಲಿನಲ್ಲಿ ವೈಫೈ ಕಡ್ಡಿ ಪೂರ್ತಿ ಕಾಣುತ್ತವೆ, ವಿಡಿಯೊ ಮಾತ್ರ ಓಡಲ್ಲ. ಆ ದುಡ್ಡಿಗೆ 30 ಮೀಟರ್ ಕೇಬಲ್ ಬರುತ್ತದೆ. ಜಂತಿಯ ಪಕ್ಕಕ್ಕೆ ಮೊಳೆ ಹೊಡೆದು ಒಯ್ದರೆ ಕಣ್ಣಿಗೂ ಕಾಣಲ್ಲ.

ಈಗ ಗದಗಿನ ಒಂದು ಕಥೆ. ಇದರಲ್ಲಿ ನಾನೇ ಪೆಚ್ಚಾದೆ. ಇಷ್ಟು ಹೊತ್ತು ಕೇಬಲ್ ಕೇಬಲ್ ಅಂದೆನಲ್ಲ, ಇಲ್ಲಿ ಕೇಬಲ್ಲೇ ತಪ್ಪಿತಸ್ಥ.

ಗದಗಿನಲ್ಲಿ ನಮ್ಮ ವೈನಿಯ ಮನೆ. ಅವರ ಮಗಳ ಮದುವೆ ವಿಡಿಯೊ 4ಕೆಯಲ್ಲಿ ತೆಗೆಸಿದ್ದರು. ಎಡಿಟ್ ಮಾಡಿದವನು ಹಾರ್ಡ್‌ಡಿಸ್ಕಿನಲ್ಲಿ ಕೊಟ್ಟಿದ್ದ. ಅಳಿಯ ಕಂಪ್ಯೂಟರ್ ಹುಡುಗ. ಅದನ್ನು ಮನೆಯ ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಮನೆಯ ನೆಟ್‌ವರ್ಕ್ ಮೇಲೆ ಟಿವಿಗೆ ಬರುವಂತೆ ಮಾಡಿದ್ದ. ಎಲ್ಲ ಕಡೆ ಹೊಸ ಕ್ಯಾಟ್ 6 ಕೇಬಲ್. ಇಂಟರ್ನೆಟ್ ಬೇಕೇ ಇಲ್ಲ, ಎಲ್ಲ ಮನೆ ಒಳಗೇ. ಆದರೂ ವಿಡಿಯೊ ನಿಲ್ಲುತ್ತಿತ್ತು. ಅದೂ ಎಲ್ಲ ಕಡೆ ಅಲ್ಲ. ವೈನಿ ಹೇಳಿದರು: "ಅರಿಷಿಣ ಹಚ್ಚೂದು ಛಲೋ ಬರತೈತಿ, ಊಟದ್ದು ಛಲೋ ಬರತೈತಿ. ಅಕ್ಷತಾ ಹಾಕೂ ಹೊತ್ತಿಗೇ ನಿಂತ ಬಿಡತೈತಿ ನೋಡ್ರಿ. ಯಾರ ದೃಷ್ಟಿ ಆಗೇತೋ ಏನೋ."

ದೃಷ್ಟಿ ಅಲ್ಲ, ಅಕ್ಷತೆಯೇ ಕಾರಣ. ಇದು ನನಗೆ ಹೊಳೆಯಲು ಅರ್ಧ ದಿನ ಹಿಡಿಯಿತು. ವಿಡಿಯೊವನ್ನು ಸಣ್ಣದು ಮಾಡುವ ತಂತ್ರ ಏನು ಗೊತ್ತಾ? ಪ್ರತಿ ಚಿತ್ರವನ್ನೂ ಪೂರ್ತಿ ಇಟ್ಟುಕೊಳ್ಳುವುದಿಲ್ಲ. ಹಿಂದಿನ ಚಿತ್ರಕ್ಕೂ ಇದಕ್ಕೂ ಏನು ಬದಲಾಯಿತೋ ಅದನ್ನಷ್ಟೇ ಬರೆದಿಡುತ್ತದೆ. ಮದುಮಗಳು ಸುಮ್ಮನೆ ಕೂತಿದ್ದಾಳೆ, ಹಿಂದಿನ ಮಂಟಪ ಅಲುಗಾಡಲ್ಲ. ಬರೆಯಲು ಏನೂ ಇಲ್ಲ, ಫೈಲಿನ ಆ ಭಾಗ ಹಗುರ. ಆದರೆ ಐನೂರು ಜನ ಒಟ್ಟಿಗೆ ಅಕ್ಷತೆ ಎಸೆದಾಗ? ಪರದೆ ತುಂಬ ಸಾವಿರಾರು ಕಾಳು, ಒಂದೊಂದೂ ಒಂದೊಂದು ದಿಕ್ಕಿಗೆ. ಹಿಂದಿನ ಚಿತ್ರದಿಂದ ಊಹಿಸಲು ಏನೂ ಉಳಿಯಲ್ಲ, ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಆ ಫೈಲಿನ ಸರಾಸರಿ 80 ಎಂಬಿಪಿಎಸ್ ಇತ್ತು. ಅಕ್ಷತೆಯ ಹೊತ್ತಿಗೆ 130 ದಾಟುತ್ತಿತ್ತು. ನೆಟ್‌ಫ್ಲಿಕ್ಸ್ 15ರಲ್ಲಿ ಮುಗಿಸುವುದನ್ನು ನಮ್ಮ ಮದುವೆ ವಿಡಿಯೊ ಅದರ ಎಂಟೊಂಬತ್ತು ಪಟ್ಟು ಕೇಳುತ್ತಿತ್ತು. ಟಿವಿಯ ಪೋರ್ಟ್ ಎಷ್ಟರದ್ದು? ನೆನಪಿದೆಯಲ್ಲ, 94.

ಖಾತ್ರಿ ಮಾಡಿಕೊಳ್ಳಲು ಹಾರ್ಡ್‌ಡಿಸ್ಕನ್ನು ಸೀದಾ ಟಿವಿಯ ಯುಎಸ್‌ಬಿಗೆ ಸಿಕ್ಕಿಸಿದೆವು. ಅಕ್ಷತೆ ಚಂದ ಬಿತ್ತು. ಟಿವಿ ಚಿತ್ರವನ್ನು ಬಿಚ್ಚಿ ತೋರಿಸುತ್ತದೆ, ಫೈಲ್ ಸರಿ ಇದೆ, ದಾರಿ ಮಾತ್ರ ಇಕ್ಕಟ್ಟು ಅಂತ ಸಾಬೀತಾಯಿತು. ಹೀಗೆ ಸಿಕ್ಕಿಸಿಯೂ ನಿಂತಿದ್ದರೆ ನೆಟ್‌ವರ್ಕ್ ನಿರಪರಾಧಿ ಅಂತ ಗೊತ್ತಾಗುತ್ತಿತ್ತು. ಆಮೇಲೆ ಕೇಬಲ್ ಕಿತ್ತು ಟಿವಿಯನ್ನು 5 ಗಿಗಾಹರ್ಟ್ಸ್ ವೈಫೈಗೆ ಜೋಡಿಸಿದೆ. ರೌಟರ್ ಅದೇ ಕೋಣೆಯಲ್ಲಿತ್ತು, 250ರ ಮೇಲೆ ಬಂತು, ವಿಡಿಯೊ ಓಡಿತು. ಕೇಬಲ್ ತೆಗೆಯಿರಿ ಅಂತ ನಾನು ಹೇಳಿದ್ದು ಅದೊಂದೇ ಸಲ. ಇನ್ನೊಂದು ದಾರಿಯೂ ಮಾಡಿದೆವು. ಹ್ಯಾಂಡ್‌ಬ್ರೇಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ರಾತ್ರಿಯಿಡೀ ಅದನ್ನು ಓಡಿಸಿ ಫೈಲನ್ನು ಎಚ್265 ಅನ್ನುವ, ಇನ್ನೂ ಹೆಚ್ಚು ಕುಗ್ಗಿಸುವ ರೂಪಕ್ಕೆ ಬದಲಿಸಿ 30 ಎಂಬಿಪಿಎಸ್‌ಗೆ ಇಳಿಸಿದೆವು. ಗಂಟೆಗೆ 36 ಜಿಬಿ ಇದ್ದದ್ದು ಹದಿಮೂರೂವರೆ ಆಯಿತು. ವೈನಿಗೆ ಎರಡರ ನಡುವೆ ಏನೂ ಫರಕು ಕಾಣಲಿಲ್ಲ. ಮೂಲ ಫೈಲ್ ಮಾತ್ರ ಅಳಿಸಬೇಡಿ.

ಇಂಥದ್ದೇ ಇನ್ನೊಂದು ಮೋಸ ಇದೆ. ಮನೆಯ ಕಂಪ್ಯೂಟರಿನಿಂದ ಟಿವಿಗೆ ಪ್ಲೆಕ್ಸ್ ಅಥವಾ ಜೆಲ್ಲಿಫಿನ್ ಅನ್ನುವ ಸಾಫ್ಟ್‌ವೇರ್ ಮೂಲಕ ಸಿನಿಮಾ ಹಾಕುವವರು ಕೇಳಿ. ಟಿವಿಗೆ ಬರದ ರೂಪದ ಫೈಲ್ ಇದ್ದರೆ ಕಂಪ್ಯೂಟರ್ ಅಲ್ಲೇ ನಿಂತ ಕಾಲಲ್ಲಿ ಬೇರೆ ರೂಪಕ್ಕೆ ಬದಲಿಸಿ ಕಳಿಸುತ್ತದೆ. ಕೆಲವು ಸಲ ಬರೀ ಸಬ್‌ಟೈಟಲ್ ಹಾಕಿದ್ದಕ್ಕೇ ಇಡೀ ಚಿತ್ರವನ್ನು ಮತ್ತೆ ಬರೆಯುತ್ತದೆ. ಹಳೆಯ ಯಂತ್ರಕ್ಕೆ 4ಕೆಯಲ್ಲಿ ಅದು ಆಗದ ಕೆಲಸ. ಸಬ್‌ಟೈಟಲ್ ಆಫ್ ಮಾಡಿ ನೋಡಿ. ಚಕ್ರ ನಿಂತರೆ ನೆಟ್‌ವರ್ಕಿಗೆ ಕೈ ಹಚ್ಚಬೇಡಿ.

ಇನ್ನು ಕೇಬಲ್ ಹಾಕಿದರೂ ಇಂಟರ್ನೆಟ್ ಸಿನಿಮಾ ನಿಲ್ಲುವವರು. ನಿಮ್ಮ ಗಂಟು ರೌಟರಿನ ಆಚೆ. ಕಂಪ್ಯೂಟರಿನಲ್ಲಿ ಎರಡು ಕರಿ ಕಿಟಕಿ (ಕಮಾಂಡ್ ಪ್ರಾಂಪ್ಟ್) ತೆಗೆಯಿರಿ. ಪಿಂಗ್ (ping) ಅಂದರೆ ಆಚೆಯ ಯಂತ್ರವನ್ನು ಕೂಗಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುವ ಆಜ್ಞೆ. ಒಂದರಲ್ಲಿ ಪಿಂಗ್ 192.168.1.1, ನಿಮ್ಮ ರೌಟರಿನ ವಿಳಾಸ ಬೇರೆ ಇದ್ದರೆ ಅದು. ಇನ್ನೊಂದರಲ್ಲಿ ಪಿಂಗ್ 8.8.8.8, ಅದು ಗೂಗಲಿನದು. ವಿಂಡೋಸ್‌ನಲ್ಲಿ ಕೊನೆಗೆ -t ಸೇರಿಸಿ, ಇಲ್ಲದಿದ್ದರೆ ನಾಲ್ಕೇ ಸಲಕ್ಕೆ ನಿಲ್ಲುತ್ತದೆ. ಎರಡನ್ನೂ ಓಡಲು ಬಿಡಿ, ವಿಡಿಯೊ ನೋಡಿ. ಚಕ್ರ ಬಂದಾಗ ಮೊದಲ ಕಿಟಕಿಯ ಅಂಕಿ ಹಾರಿದರೆ ತೊಂದರೆ ಮನೆಯೊಳಗೆ. ಮೊದಲನೆಯದು 1 ಮಿಲಿಸೆಕೆಂಡಿನಲ್ಲೇ ಇದ್ದು ಎರಡನೆಯದು 30ರಿಂದ 600ಕ್ಕೆ ಹಾರಿದರೆ ಹೊರಗೆ.

ಹೊರಗೆ ಅಂದ ತಕ್ಷಣ ಕೇಬಲ್ ಆಫೀಸಿಗೆ ಫೋನ್ ಮಾಡಬೇಡಿ, ಒಂದು ನಿಮಿಷ. ಮನೆಯಲ್ಲಿ ಯಾರಾದರೂ ಏನಾದರೂ ಮೇಲೆ ಕಳಿಸುತ್ತಿದ್ದಾರಾ ನೋಡಿ. ಸಿದ್ಧಾರೂಢರ ಜಾತ್ರೆಗೆ ಹೋಗಿ ಬಂದ ಹುಡುಗರ ಮೊಬೈಲಿನಲ್ಲಿ ನಾನೂರು ಫೋಟೊ, ಐವತ್ತು ವಿಡಿಯೊ ಇರುತ್ತವೆ. ಮನೆಯ ವೈಫೈ ಸಿಕ್ಕ ತಕ್ಷಣ ಅವೆಲ್ಲ ತಾವೇ ಬ್ಯಾಕಪ್‌ಗೆ ಹೊರಡುತ್ತವೆ. ಮೇಲೆ ಹೋಗುವ ದಾರಿ ತುಂಬಿದರೆ, ಮುಂದಿನ ತುಂಡು ಕೊಡು ಅಂತ ಟಿವಿ ಕಳಿಸುವ ಸಣ್ಣ ಚೀಟಿಯೂ ಸಾಲಿನಲ್ಲಿ ನಿಲ್ಲುತ್ತದೆ. ಬ್ಯಾಕಪ್ ರಾತ್ರಿಗೆ ಇಡಿ.

ಅದೂ ಇಲ್ಲ ಅಂದರೆ ಗೋಡೆಯ ಮೇಲಿನ ಫೈಬರ್ ಡಬ್ಬಿ ನೋಡಿ. ಎಲ್‌ಒಎಸ್ ಅನ್ನುವ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ. ಫೈಬರ್ ಅಂದರೆ ಗಾಜಿನ ಎಳೆ, ಕಿಟಕಿಯ ಬಾಗಿಲಿಗೆ ಸಿಕ್ಕು ಗಟ್ಟಿಯಾಗಿ ಮಡಚಿದರೆ ಬೆಳಕು ಸೋರಿಹೋಗುತ್ತದೆ. ನಮ್ಮ ಧಾರವಾಡದಲ್ಲಿ ಮಂಗಗಳ ಪಾಲೂ ಇರುತ್ತದೆ, ಮೇಲೆ ಹೋಗಿ ತಂತಿ ನೋಡಿ.

ಸಂಜೆ ಎಂಟರಿಂದ ಹನ್ನೊಂದರವರೆಗೆ ಮಾತ್ರ ನಿಲ್ಲುತ್ತದೆ, ಬೆಳಿಗ್ಗೆ ಚೆನ್ನಾಗಿರುತ್ತದೆ ಅಂದರೆ ಅದು ನಿಜವಾಗಿಯೂ ಅಣೆಕಟ್ಟಿನ ಸಮಸ್ಯೆ. ಒಂದು ಫೈಬರ್ ಎಳೆಯನ್ನು 32 ಅಥವಾ 64 ಮನೆಗೆ ಹಂಚಿರುತ್ತಾರೆ. ಸಾಮಾನ್ಯವಾಗಿ ಆ ಎಳೆಯಲ್ಲಿ ಒಟ್ಟು ಎರಡೂವರೆ ಗಿಗಾಬಿಟ್ ಇಳಿಯುತ್ತದೆ. 64 ಮನೆಯವರೂ ಒಟ್ಟಿಗೆ 4ಕೆ ನೋಡಿದರೂ ಅದರ ಸುಮಾರು ಅರ್ಧ ಸಾಕು. ಹಾಗಾಗಿ ಇಕ್ಕಟ್ಟು ಸಾಮಾನ್ಯವಾಗಿ ಓಣಿಯಲ್ಲಿ ಅಲ್ಲ, ಆಪರೇಟರ್ ಮೇಲಿನಿಂದ ಕೊಂಡ ಪಾಲಿನಲ್ಲಿ. ಅಂಥವರಿಗೆ "ನೆಟ್ ಸ್ಲೋ ಐತ್ರಿ" ಅಂದರೆ ಏನೂ ಆಗಲ್ಲ. ಒಂದು ವಾರ, ಕೇಬಲ್ ಹಾಕಿದ ಲ್ಯಾಪ್‌ಟಾಪಿನಲ್ಲಿ, ಬೆಳಿಗ್ಗೆ ಏಳಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ ಫಾಸ್ಟ್ ಡಾಟ್ ಕಾಮ್ ತೆಗೆದು ಫೋಟೊ ಹೊಡೆದಿಡಿ. ಅದು ನೆಟ್‌ಫ್ಲಿಕ್ಸಿನದೇ, ಅವರ ಸರ್ವರಿನಿಂದಲೇ ಅಳೆಯುತ್ತದೆ. ಬೇರೆ ಸ್ಪೀಡ್ ಟೆಸ್ಟುಗಳು ಹತ್ತಿರದ ಸರ್ವರ್ ಆರಿಸಿಕೊಳ್ಳುತ್ತವೆ, ಕೆಲವೊಮ್ಮೆ ಅದು ಆಪರೇಟರನದೇ ಇರುತ್ತದೆ. ಹದಿನಾಲ್ಕು ಫೋಟೊ ಮುಂದಿಟ್ಟರೆ ಮಾತು ಬೇರೆಯಾಗುತ್ತದೆ.

ಡಿಎನ್‌ಎಸ್ ಬದಲಿಸಿದರೆ ಸರಿಹೋಗುತ್ತಾ ಅಂತ ಹಿಂದಿನಿಂದ ಒಬ್ಬರು ಕೇಳಿದರು. ಡಿಎನ್‌ಎಸ್ ಅಂದರೆ ವೆಬ್‌ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕುವ ಕೆಲಸ, ಬಸ್ ಹೊರಟ ಮೇಲೆ ಅದರ ಪಾತ್ರ ಹೆಚ್ಚಿಲ್ಲ. ರೌಟರ್ ಆಫ್ ಮಾಡಿ ಆನ್ ಮಾಡುವುದು ಕೆಲವೊಮ್ಮೆ ಕೆಲಸ ಮಾಡುತ್ತದೆ. ಏರುವಾಗ ಅದು ಖಾಲಿ ಚಾನೆಲ್ ಹುಡುಕಿಕೊಳ್ಳುತ್ತದೆ, ಮೈ ತಣ್ಣಗಾಗಿರುತ್ತದೆ. ವಾರಕ್ಕೆರಡು ಸಲ ಮಾಡಬೇಕಾದರೆ ಮಾತ್ರ ರೋಗ ಬೇರೆ ಇದೆ.

ಸಿನಿಮಾ ಚೆನ್ನಾಗಿ ಬರುತ್ತೆ, ಐಪಿಎಲ್ ಮಾತ್ರ ನಿಲ್ಲುತ್ತೆ, ಯಾಕೆ ಅನ್ನುವುದು ಇನ್ನೊಬ್ಬರ ಪ್ರಶ್ನೆ. ಸಿನಿಮಾ ಮುಗಿದು ಕೂತಿದೆ, ಮುಂದಿನ ಒಂದು ನಿಮಿಷವನ್ನು ಈಗಲೇ ತುಂಬಿಟ್ಟುಕೊಳ್ಳಬಹುದು. ಮ್ಯಾಚಿನಲ್ಲಿ ಇನ್ನೂ ಹಾಕದ ಬಾಲನ್ನು ತುಂಬಿಡುವುದು ಹೇಗೆ? ಟ್ಯಾಂಕ್ ಅಲ್ಲ ಅದು, ಬಕೆಟ್. ಒಂದು ಸಣ್ಣ ತಡೆಗೂ ಬರಿದಾಗುತ್ತದೆ. ಸಿನಿಮಾದಲ್ಲಿ ಕಾಣದ ವೈಫೈ ದೋಷ ಮ್ಯಾಚಿನಲ್ಲಿ ಕಾಣುತ್ತದೆ.

ಕಾಕಾ ಮನೆಯದ್ದು ಕೊನೆಗೆ ಏನಾಯಿತು ಅಂತ ಕೇಳುತ್ತಿದ್ದೀರಿ. ಹಳೆ ಗೋಡೆಗೆ ಮೊಳೆ ಹೊಡೆಯಲು ಅವರು ಒಪ್ಪಲಿಲ್ಲ. ತಿಜೋರಿ ಸ್ವಲ್ಪ ಸರಿಸೋಣ ಅಂದೆ. "ಅಪ್ಪಾರು ಇಟ್ಟ ಜಾಗಾ, ಅದನ್ನ ಸರಸೂದಿಲ್ಲ" ಅಂದರು. ಹಾಗಾಗಿ ರೌಟರನ್ನೇ ಗೂಡಿನಿಂದ ಇಳಿಸಿ ನಡುಮನೆಯ ಬಾಗಿಲ ಮೇಲಿನ ಹಲಗೆಗೆ ಇಟ್ಟೆವು. ಅಲ್ಲಿಂದ ಎರಡು ಬಾಗಿಲು ಸಾಲಾಗಿ ಟಿವಿವರೆಗೆ ಕಾಣುತ್ತವೆ, ಗೋಡೆ ಅಡ್ಡ ಇಲ್ಲ. ಮೈನಸ್ 79 ಇದ್ದದ್ದು 58 ಆಯಿತು. 5 ಗಿಗಾಹರ್ಟ್ಸ್‌ನಲ್ಲಿ 110 ಬಂತು. ಪ್ಲಾನ್ ಮತ್ತೆ 100ಕ್ಕೆ ಇಳಿಸಿ ಅಂತ ಹೇಳಿದೆ. ಇಳಿಸಿಲ್ಲ. "ದೀಪಾವಳಿಗೆ ಮೊಮ್ಮಕ್ಕಳು ಬರ್ತಾರ, ಇರಲಿ ಬಿಡು" ಅಂದರು. ಬಾಗಿಲು ಮಾತ್ರ ಯಾರೂ ಹಾಕುವಂತಿಲ್ಲ ಈಗ, ಸಿನಿಮಾ ಮುಗಿಯುವವರೆಗೆ.